ಮನೆಯ ಮಂದಿಗೆ ಕೂಲಿ

ಬ್ಯಾಡಗಿಯ ನಮ್ಮ ಮನೆಯಲ್ಲಿ ಕೋಣೆಗಳು ನಾಲ್ಕಿದ್ದವು. ಅದರಲ್ಲಿ ಮನುಷ್ಯರಿಗೆಂದು ಇದ್ದದ್ದು ಒಂದೂವರೆ. ಉಳಿದದ್ದೆಲ್ಲ ಚೀಲಗಳದ್ದು. ಅಪ್ಪ ಹಳೆಯ ಗೋಣಿಚೀಲದ ವ್ಯಾಪಾರ ಮಾಡುತ್ತಿದ್ದ. ಹಾವೇರಿ, ರಾಣೇಬೆನ್ನೂರಿನ ಕಿರಾಣಿ ಅಂಗಡಿಗಳಲ್ಲಿ ಖಾಲಿಯಾದ ಸಕ್ಕರೆ, ಅಕ್ಕಿ, ಬೇಳೆಯ ಚೀಲಗಳನ್ನು ಕೊಂಡು, ಕಟ್ಟು ಕಟ್ಟಿ, ಬಸ್ಸಿನ ಮೇಲೆ ಹೇರಿಸಿಕೊಂಡು ತರುತ್ತಿದ್ದ. ಅವನ್ನು ಝಾಡಿಸಿ, ಒಳಹೊರಗು ತಿರುವಿ, ತೂತಿದ್ದಲ್ಲಿ ತೇಪೆ ಹಾಕಿ, ಮೆಣಸಿನಕಾಯಿ ಪೇಟೆಯ ದಲಾಲಿ ಅಂಗಡಿಗಳಿಗೆ ಮಾರುವುದು ಅವನ ಉದ್ಯೋಗ. ವ್ಯಾಪಾರ ಅಪ್ಪನದು ಎಂದು ಎಲ್ಲರೂ ಅನ್ನುತ್ತಿದ್ದರು, ನಾವೂ ಹಾಗೇ ಅನ್ನುತ್ತಿದ್ದೆವು. ತೇಪೆ ಹಾಕುತ್ತಿದ್ದವಳು ಅವ್ವ. ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು, ಕಾಲು ಚಾಚಿ, ದಬ್ಬಣಕ್ಕೆ ಸುತಳಿ ಪೋಣಿಸಿ ಕೂತಳೆಂದರೆ ಮಧ್ಯಾಹ್ನದ ರೊಟ್ಟಿಗೆ ಏಳುವವರೆಗೂ ಅವಳ ತಲೆ ಮೇಲಕ್ಕೆ ಏಳುತ್ತಿರಲಿಲ್ಲ. ನಮ್ಮ ತಲೆಗೂದಲಲ್ಲಿ ಯಾವಾಗಲೂ ಸೆಣಬಿನ ಎಳೆ ಸಿಕ್ಕಿರುತ್ತಿತ್ತು. ಶಾಲೆಯಲ್ಲಿ ನನ್ನ ಹಿಂದೆ ಕೂರುತ್ತಿದ್ದ ಹುಡುಗಿ ಅವನ್ನು ಒಂದೊಂದಾಗಿ ಹೆಕ್ಕಿ ಬೆಂಚಿನ ಮೇಲೆ ಸಾಲಾಗಿ ಇಡುತ್ತಿದ್ದಳು.

ನಡುಮನೆಯ ಕಂಬದ ಪಕ್ಕದ ಜಾಗ ಊಟಕ್ಕೆ ಅಪ್ಪನದು. ಮೊದಲು ಅದು ಅಜ್ಜನದಾಗಿತ್ತಂತೆ. ಅಜ್ಜ ಪುಂಡಿನಾರಿನ ಹಗ್ಗ ಹೊಸೆಯುತ್ತಿದ್ದ. ಎತ್ತಿನ ಮೂಗುದಾರ, ಬಾವಿಯ ಹಗ್ಗ, ಬಂಡಿಗೆ ಹುಲ್ಲು ಬಿಗಿಯುವ ಹಗ್ಗ, ಎಲ್ಲ ಅವನ ಕೈಯದು. ಪೇಟೆಗೆ ನೈಲಾನ್ ಹಗ್ಗ ಬಂದ ಮೇಲೆ ಅವನ ಹಗ್ಗ ಕೇಳುವವರು ಕಡಿಮೆಯಾದರು. ಒಂದು ದಿನ ಅವನು ತಾನಾಗಿಯೇ ತಾಟು ಎತ್ತಿಕೊಂಡು ಎದುರಿನ ಗೋಡೆಗೆ ಹೋಗಿ ಕೂತನಂತೆ. ಯಾರೂ ಏನೂ ಹೇಳಿರಲಿಲ್ಲ. ಅಪ್ಪ ಬಂದವನು ಕಂಬದ ಪಕ್ಕ ಖಾಲಿ ಇರುವುದನ್ನು ನೋಡಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಅಲ್ಲಿ ಕೂತ. ಇದನ್ನು ನನಗೆ ಹೇಳಿದವಳು ಅವ್ವ. ನಾನು ಕಣ್ಣು ತೆರೆದಾಗಿನಿಂದ ಅಜ್ಜ ಗೋಡೆಯ ಕಡೆಯವನೇ.

ಪೇಟೆಯ ಸಂಗತಿ ನಮಗೆ ಅಪ್ಪನ ರೊಟ್ಟಿಯಿಂದ ತಿಳಿಯುತ್ತಿತ್ತು. ಮೆಣಸಿನಕಾಯಿ ಸುಗ್ಗಿಯಲ್ಲಿ, ಸೋಮವಾರ ಮತ್ತು ಗುರುವಾರ ಪೇಟೆ ತುಂಬಿ ಬಂಡಿಗಳು ರಸ್ತೆಗೆ ಬಂದು ನಿಂತಾಗ, ಅಪ್ಪ ಮೂರು ರೊಟ್ಟಿ ತಿಂದು ಇನ್ನರ್ಧ ಕೇಳುತ್ತಿದ್ದ. ಕೆಂಪು ಮೆಣಸಿನಕಾಯಿ ಅರೆದ ರಂಜಕಕ್ಕೆ ಎಣ್ಣೆ ಹಾಕಿಸಿಕೊಂಡು, ಬೆರಳು ನೆಕ್ಕುತ್ತ ನನ್ನನ್ನು ಮಗ್ಗಿ ಕೇಳುತ್ತಿದ್ದ. ಸುಗ್ಗಿ ಮುಗಿದು ಚೀಲ ಕೇಳುವವರಿಲ್ಲದ ತಿಂಗಳುಗಳಲ್ಲಿ ಎರಡಕ್ಕೇ ಕೈ ತೊಳೆಯುತ್ತಿದ್ದ. ಆಗ ಪಲ್ಯದಲ್ಲಿ ಉಪ್ಪು ಹೆಚ್ಚಾಗಿರುತ್ತಿತ್ತು, ರೊಟ್ಟಿಯ ಅಂಚು ದಪ್ಪವಾಗಿರುತ್ತಿತ್ತು, ನಾನು ಕೂತ ರೀತಿ ಸರಿ ಇರುತ್ತಿರಲಿಲ್ಲ. ಅವ್ವ ಮರುದಿನ ಅದೇ ಹಿಟ್ಟಿನಿಂದ ಅದೇ ರೊಟ್ಟಿ ಬಡಿಯುತ್ತಿದ್ದಳು.

ನಾನು ಐದನೆಯ ಇಯತ್ತೆಯಲ್ಲಿದ್ದಾಗ ಅತ್ತಿ ಬಂದಳು. ಅಪ್ಪನ ಅಕ್ಕ, ಅವನಿಗಿಂತ ಎರಡು ವರ್ಷಕ್ಕೆ ದೊಡ್ಡವಳು, ಹೆಸರು ನೀಲವ್ವ. ರಾಣೇಬೆನ್ನೂರಿನ ಆಚೆ ಕುಪ್ಪೇಲೂರಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದುಕೊಂಡ. ಅತ್ತಿ ಒಂದು ವರ್ಷ ಅವರಿಬ್ಬರಿಗೂ ಅಡುಗೆ ಮಾಡಿ ಹಾಕಿ, ಒಂದು ಬೆಳಿಗ್ಗೆ ತಗಡಿನ ಟ್ರಂಕು ಹಿಡಿದು ಬಸ್ಸು ಹತ್ತಿದಳು. ನಮ್ಮ ಮನೆಯ ಕಟ್ಟೆಯ ಮೇಲೆ ಟ್ರಂಕು ಇಟ್ಟು, ಒಂದು ತಂಬಿಗೆ ನೀರು ಕುಡಿದು, ಪಡಸಾಲೆಯಲ್ಲಿ ಅವ್ವನ ಪಕ್ಕ ಕೂತು, ಅಲ್ಲಿ ಬಿದ್ದಿದ್ದ ಇನ್ನೊಂದು ದಬ್ಬಣ ಎತ್ತಿಕೊಂಡಳು. ಯಾಕೆ ಬಂದೆ, ಎಷ್ಟು ದಿನ ಇರುತ್ತೀ ಎಂದು ಯಾರೂ ಕೇಳಲಿಲ್ಲ. ಅಜ್ಜ ಮಾತ್ರ ಅಂದು ಹಗ್ಗ ಹೊಸೆಯುವುದನ್ನು ಬಿಟ್ಟು ಅವಳ ಕೈಯನ್ನೇ ನೋಡುತ್ತ ಕೂತಿದ್ದ.

ಅತ್ತಿಯ ಕೈ ಬಹಳ ಚುರುಕು. ಅವ್ವ ಒಂದು ಚೀಲ ಮುಗಿಸುವಷ್ಟರಲ್ಲಿ ಅವಳು ಎರಡು ಮುಗಿಸಿ ಮೂರನೆಯದಕ್ಕೆ ಸುತಳಿ ಪೋಣಿಸುತ್ತಿದ್ದಳು. ಅವಳು ಬಂದ ಮೊದಲ ಸುಗ್ಗಿ ಅಪ್ಪನ ಬದುಕಿನಲ್ಲೇ ದೊಡ್ಡ ಸುಗ್ಗಿ. ಕೆಲಸ ಮುಗಿಯದೆ ಓಣಿಯ ಇಬ್ಬರು ಹೆಂಗಸರನ್ನು ಚೀಲಕ್ಕಿಷ್ಟು ಎಂದು ಕೂಲಿಗೆ ಕರೆದಿದ್ದ. ಅವರು ಸಂಜೆ ತಮ್ಮ ಕೂಲಿಯನ್ನು ಸೆರಗಿಗೆ ಕಟ್ಟಿಕೊಂಡು ಹೋಗುವಾಗ ಅತ್ತಿ ಬಾಗಿಲಿನವರೆಗೂ ಅವರನ್ನು ನೋಡುತ್ತಿದ್ದಳು. ಸುಗ್ಗಿ ಮುಗಿಯುವ ಹೊತ್ತಿಗೆ ಒಂದು ಮಧ್ಯಾಹ್ನ, ಅಪ್ಪ ಊಟ ಮಾಡಿ ತಾಟು ಸರಿಸಿದಾಗ, ಅವಳು ದಬ್ಬಣವನ್ನು ಚೀಲಕ್ಕೆ ಚುಚ್ಚಿಟ್ಟು ಹೇಳಿದಳು:

"ತಮ್ಮಾ, ಹೊರಗಿನವ್ರಿಗೆ ಚೀಲದ ಮ್ಯಾಲೆ ಕೂಲಿ ಕೊಡ್ತಿಯಲ್ಲಾ, ನನಗೂ ಹಂಗ ಕೊಡು. ಅವ್ರಿಗೆ ಕೊಡೂದರಾಗ ಅರ್ಧಾ ಕೊಟ್ರೂ ಸಾಕು."

ಅಪ್ಪ ನಕ್ಕ. ಅವನಿಗೆ ಅದು ಖರೇ ಮಾತೆಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಮನಿ ಮಂದಿಗೆ ಯಾರರ ಕೂಲಿ ಕೊಡ್ತಾರೇನಕ್ಕಾ? ನಿನಗ ಏನ ಬೇಕು ಹೇಳು, ತಂದ ಕೊಡ್ತೇನಿ."

"ಏನ ಬೇಕಂತ ಕೇಳೂದನ ಬ್ಯಾಡಾಗೇತಿ ನನಗ."

ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ಮಜ್ಜಿಗೆಯ ಚರಿಗೆ ಹಿಡಿದು ನಿಂತಿದ್ದಳು. ಮುಂದೆ ಬರಲೂ ಇಲ್ಲ, ಒಳಗೆ ಹೋಗಲೂ ಇಲ್ಲ. ಅಪ್ಪ ಎದ್ದು ಹೋದ. ಅವತ್ತಿನಿಂದ ಅಕ್ಕತಮ್ಮರ ನಡುವೆ ಮಾತು ತೂಕಕ್ಕೆ ಹಾಕಿದಂತೆ ಬರತೊಡಗಿತು.

ನನಗೀಗ ಐವತ್ತು ದಾಟಿದೆ. ರಾಣೇಬೆನ್ನೂರಿನಲ್ಲಿ ನಾನೂ ನನ್ನ ಸೊಸೆಯೂ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತೇವೆ. ವಾರಕ್ಕೊಮ್ಮೆ ಅವಳ ಪಾಲು ಅವಳ ಕೈಗೆ ಎಂದು ಅವಳು ಮನೆಗೆ ಬಂದ ವರ್ಷವೇ ನಾನು ಹೇಳಿದ್ದೆ. ಆದರೆ ಈಚೆಗೆ ಎರಡು ಖಾನಾವಳಿಯವರು ಮಷೀನಿನ ರೊಟ್ಟಿ ತರಿಸತೊಡಗಿದ್ದಾರೆ, ಕರೆಂಟಿನ ಬಿಲ್ಲು ಹೆಚ್ಚಾಗಿದೆ, ಜೋಳ ತುಟ್ಟಿಯಾಗಿದೆ. ಮಳೆಗಾಲದಲ್ಲಿ ಒಂದು ವಾರ ಅವಳ ಪಾಲು ಕೊಡುವಾಗ ನನ್ನ ಕೈ ಹಿಂದೆ ಸರಿಯಿತು. ಮನೆಯ ಹುಡುಗಿಯೇ ತಾನೆ, ಇನ್ನೊಂದು ವಾರ ತಡೆಯಲಿ ಎಂಬ ಮಾತು ಬಾಯಿಗೆ ಬಂದಿತ್ತು. ಆ ಮಾತು ನನ್ನದಲ್ಲ, ಅಪ್ಪನದು. ಅವನು ಜಿಪುಣನಾಗಿರಲಿಲ್ಲ. ಮನೆಯೊಳಗಿನ ದುಡಿಮೆಗೆ ಒಂದು ಸಲ ಬೆಲೆ ಕಟ್ಟಿದರೆ ಆಮೇಲೆ ತನ್ನದೆಂದು ಏನು ಉಳಿಯುತ್ತದೆ ಎಂದು ಅವನು ಹೆದರಿದ್ದ. ಆ ಹೆದರಿಕೆ ನನಗೆ ಅರ್ಥವಾಗಲು ನಾನೂ ಯಜಮಾನಿಕೆ ಮಾಡಬೇಕಾಯಿತು.

ಅತ್ತಿ ಕೂಲಿ ಕೇಳಿದ ಮರುವರ್ಷದ ಸುಗ್ಗಿಗೆ ಪೇಟೆಯ ರೀತಿ ಬದಲಾಯಿತು. ದೂರದ ಊರಿನ ಖರೀದಿದಾರರು ಮೆಣಸಿನಕಾಯಿಯನ್ನು ಹೊಸ ಚೀಲದಲ್ಲೇ ತುಂಬಬೇಕು ಅನ್ನತೊಡಗಿದರು. ತೇಪೆ ಹಾಕಿದ ಚೀಲದಿಂದ ಸಕ್ಕರೆಯ ಅಂಟು, ಬೇಳೆಯ ಹುಳ ಹಣ್ಣಿಗೆ ಹತ್ತುತ್ತದೆ ಎಂಬುದು ಅವರ ತಕರಾರು. ಹಣ್ಣು ಅಂದರೆ ನಮ್ಮ ಕಡೆ ಒಣಗಿದ ಕೆಂಪು ಮೆಣಸಿನಕಾಯಿ. ಹಳೆಯ ಗುರುತಿನ ದಲಾಲರು ಅಪ್ಪನನ್ನು ಕೂರಿಸಿ ಚಹಾ ಕೊಟ್ಟು, ಮುಂದಿನ ವಾರ ನೋಡೋಣ ಎಂದು ಕಳಿಸಿದರು. ಮುಂದಿನ ವಾರವೂ ಚಹಾ ಕೊಟ್ಟರು. ತಂದ ಚೀಲಗಳು ನಡುಮನೆಯ ತೊಲೆ ಮುಟ್ಟುವವರೆಗೂ ಏರಿ ನಿಂತವು. ಇಲಿ ಬಂದವು. ಅಪ್ಪ ಒಂದೂವರೆ ರೊಟ್ಟಿಗೆ ಬಂದು ನಿಂತ.

ಆಗ ಅತ್ತಿ ಅವನನ್ನು ಒಂದು ಮಾತು ಕೇಳಿದಳು. ಹರಕು ಚೀಲಗಳನ್ನು, ತೇಪೆಗೂ ಬಾರದವನ್ನು, ಅಪ್ಪ ಹಿತ್ತಲಿನಲ್ಲಿ ಗುಡ್ಡೆ ಹಾಕಿ ಒಲೆ ಹೊತ್ತಿಸಲು ಬಿಡುತ್ತಿದ್ದ. ಅವು ತನಗೆ ಬೇಕು ಅಂದಳು. ತೆಗೆದುಕೋ ಎಂದು ಅಪ್ಪ ಮುಖ ನೋಡದೆ ಹೇಳಿದ. ಅವಳು ಹರಿದ ಭಾಗ ಕತ್ತರಿಸಿ ಬಿಸಾಡಿ, ಗಟ್ಟಿ ಉಳಿದದ್ದನ್ನು ಒಂದಕ್ಕೊಂದು ಜೋಡಿಸಿ, ಅಗಲವಾದ ತಟ್ಟು ಹೊಲಿಯತೊಡಗಿದಳು. ಕಣದಲ್ಲಿ ಹಾಸಿ ಕಾಳು ಒಣಗಿಸಲು, ಬಂಡಿಗೆ ಕಟ್ಟಲು, ಮಳೆಯಲ್ಲಿ ದನದ ಮೇಲೆ ಹೊದಿಸಲು ರೈತರಿಗೆ ಅದು ಬೇಕೇ ಬೇಕು. ಅಂಚಿಗೆ ಹೊಲಿಯುವ ಗಟ್ಟಿ ದಾರವನ್ನು ಅಜ್ಜನ ಹತ್ತಿರ ಹೊಸೆಯಿಸಿಕೊಂಡಳು, ಅದಕ್ಕೆ ಅಜ್ಜನಿಗೆ ದುಡ್ಡು ಕೊಟ್ಟಳು. ಅಜ್ಜ ಮೊದಲ ಸಲ ಬೇಡ ಅಂದ, ಎರಡನೆಯ ಸಲ ಸುಮ್ಮನೆ ಕೈಚಾಚಿದ. ಅವನು ಎಷ್ಟೋ ವರ್ಷಗಳ ಮೇಲೆ ತನ್ನ ತಂಬಾಕು ತಾನೇ ಕೊಂಡು ತಂದ ದಿನ ನನಗೆ ನೆನಪಿದೆ. ಪೊಟ್ಟಣ ಬಿಚ್ಚಿ ವಾಸನೆ ನೋಡಿ ಮತ್ತೆ ಕಟ್ಟಿಟ್ಟ.

ತಟ್ಟುಗಳನ್ನು ಹೊತ್ತು ಅತ್ತಿ ಸಂತೆಗಳಿಗೆ ಹೋಗತೊಡಗಿದಳು. ಗುತ್ತಲಕ್ಕೆ, ರಾಣೇಬೆನ್ನೂರಿಗೆ, ಒಮ್ಮೊಮ್ಮೆ ಹಾವೇರಿಗೆ. ಬೆಳಿಗ್ಗೆ ಎರಡು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೋದವಳು ಸಂಜೆಗೆ ಬರಿಗೈಯಲ್ಲಿ ಬರುತ್ತಿದ್ದಳು, ಅಂದರೆ ಎಲ್ಲ ಮಾರಿರುತ್ತಿದ್ದಳು. ಬರುವಾಗ ಮನೆಗೆ ಏನಾದರೂ ತರುತ್ತಿದ್ದಳು: ಬೆಲ್ಲ, ಎಣ್ಣೆ, ಒಂದು ಸಲ ಅವ್ವನಿಗೆ ಹಸಿರು ಬಳೆ. ಕೇಳಿ ತಂದದ್ದಲ್ಲ, ತನ್ನ ಮನಸ್ಸಿಗೆ ಬಂದದ್ದು. ಮೊದಲು ಅವ್ವ ಎಣ್ಣೆ ಮುಗಿಯಿತೆಂದು ಅಪ್ಪನಿಗೆ ಹೇಳುತ್ತಿದ್ದಳು. ನಿಧಾನಕ್ಕೆ ಅತ್ತಿಗೆ ಹೇಳತೊಡಗಿದಳು. ಆಮೇಲೆ ಹೇಳುವುದೂ ನಿಂತಿತು, ಡಬ್ಬಿ ನೋಡಿ ಅತ್ತಿಯೇ ತರುತ್ತಿದ್ದಳು. ಇದೆಲ್ಲ ಅಪ್ಪನ ಕಣ್ಣೆದುರೇ ನಡೆಯಿತು. ಅವಳು ತಂದ ಎಣ್ಣೆಯ ಪಲ್ಯವನ್ನು ತಾಟಿನ ಅಂಚಿಗೆ ಸರಿಸಿ, ಒಣ ರೊಟ್ಟಿಯನ್ನು ಮಜ್ಜಿಗೆಯಲ್ಲಿ ಅದ್ದಿ ತಿನ್ನುತ್ತಿದ್ದ.

ಆ ಬೇಸಗೆಗೆ ಮೊದಲು ನಮ್ಮ ಶಾಲೆಯ ಮಾಸ್ತರರು ಜನಗಣತಿಯ ಮನೆಮನೆ ಎಣಿಕೆಗೆ ಬಂದರು. ಮಧ್ಯಾಹ್ನದ ಹೊತ್ತು. ದೊಡ್ಡ ಹಾಳೆಗಳ ಕಟ್ಟು ತೊಡೆಯ ಮೇಲೆ ಇಟ್ಟುಕೊಂಡು ಚೀಲದ ಗಂಟಿನ ಮೇಲೆ ಕೂತರು. ಅವ್ವ ಚಹಾ ತಂದಳು. ಮನೆಯ ಯಜಮಾನ ಯಾರು, ಗೋಡೆ ಮಣ್ಣಿನದೋ ಇಟ್ಟಿಗೆಯದೋ, ನೀರು ಎಲ್ಲಿಂದ, ದೀಪ ಯಾವುದು ಎಂದೆಲ್ಲ ಕೇಳಿ ಬರೆದುಕೊಂಡರು. ನಾನು ಮಾಸ್ತರರ ಎದುರು ಕೈಕಟ್ಟಿ ನಿಂತಿದ್ದೆ. ಅವರು ನಮ್ಮ ಮನೆಗೆ ಬಂದದ್ದು ನನಗೆ ಹೆಮ್ಮೆಯ ಸಂಗತಿ. ಈ ಮನೆಯಲ್ಲಿ ದುಡಿಯುವವರು ಎಷ್ಟು ಮಂದಿ ಎಂದು ಕೇಳಿದರು. ತಾನೊಬ್ಬನೇ ಎಂದು ಅಪ್ಪ ಹೇಳಿದ. ಅಜ್ಜನಿಗೆ ವಯಸ್ಸಾಗಿದೆ, ಹೆಂಡತಿಗೆ ಮನೆಗೆಲಸ. ಮತ್ತೆ ನಿಮ್ಮ ಅಕ್ಕ ಅಂದಾಗ, ಅವಳು ನಮ್ಮ ಮೇಲೆ ಇದ್ದಾಳೆ, ನಾವೇ ಸಾಕಬೇಕು ಅಂದ. ಮಾಸ್ತರರ ಪೆನ್ನು ನಿಂತಿತು. ಅಂಗಳದಲ್ಲಿ ಹೊಲಿದಿಟ್ಟ ಐದಾರು ತಟ್ಟುಗಳು ಸುರುಳಿ ಸುತ್ತಿ ನಿಂತಿದ್ದವು. ಅವರು ಅವನ್ನು ನೋಡಿ ನನ್ನ ಕಡೆ ತಿರುಗಿದರು. ತರಗತಿಯಲ್ಲಿ ಕೇಳುವ ಹಾಗೆಯೇ ಕೇಳಿದರು:

"ನೀ ಹೇಳ ನೋಡೂಣು, ಗಿರಿಜಾ. ನಿಮ್ಮ ಅತ್ತಿ ಏನ ಕೆಲಸ ಮಾಡ್ತಾಳ?"

ನನಗೆ ಉತ್ತರ ಗೊತ್ತಿತ್ತು. ಗೊತ್ತಿದ್ದ ಉತ್ತರವನ್ನು ಮಾಸ್ತರರಿಗೆ ಹೇಳದೆ ಇದ್ದದ್ದು ಅದೇ ಮೊದಲು. ಅಪ್ಪ ನನ್ನನ್ನು ನೋಡುತ್ತಿರಲಿಲ್ಲ. ತನ್ನ ಅಂಗಿಯ ತೋಳಿನಿಂದ ಒಂದು ಸೆಣಬಿನ ಎಳೆಯನ್ನು ಬಿಡಿಸುತ್ತಿದ್ದ. ಅದು ಬರುತ್ತಿರಲಿಲ್ಲ. ಗದರಿಸುವ ಹಾಗೆ ನೋಡಿದ್ದರೆ ನಾನು ನಿಜ ಹೇಳಿಬಿಡುತ್ತಿದ್ದೆನೋ ಏನೋ.

"ಏನೂ ಮಾಡಂಗಿಲ್ರಿ ಸರ್," ಅಂದೆ.

ಅವರು ಬರೆದುಕೊಂಡರು. ಆಗ ಹಿಂಬಾಗಿಲಿನಲ್ಲಿ ತಂಬಿಗೆ ನೆಲಕ್ಕಿಟ್ಟ ಸದ್ದಾಯಿತು. ಅತ್ತಿ ಗುತ್ತಲದ ಸಂತೆಯಿಂದ ಆಗಲೇ ಬಂದು, ಹಿತ್ತಲಿನಿಂದ ಒಳಗೆ ಬಂದು ನೀರು ಕುಡಿಯುತ್ತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು ಹಿತ್ತಲಿಗೆ ಹೋದಳು. ಆ ದಿನ ಊಟದಲ್ಲಿ ಅಪ್ಪ ತನ್ನ ತಾಟಿನ ಬೆಲ್ಲದ ಚೂರನ್ನು ನನ್ನ ತಾಟಿಗೆ ಇಟ್ಟ. ಅದು ಅತ್ತಿ ತಂದ ಬೆಲ್ಲ. ನಾನು ಬಾಯಿಗೆ ಹಾಕಿಕೊಂಡೆ, ಬಚ್ಚಲಿಗೆ ಹೋಗಿ ಉಗುಳಿದೆ.

ಎರಡು ದಿನ ಬಿಟ್ಟು ಅತ್ತಿ ಹಿತ್ತಲಿನ ತಗಡಿನ ಮಾಡಿನ ಕೆಳಗೆ ಮೂರು ಕಲ್ಲು ಜೋಡಿಸಿ, ಮಣ್ಣು ಮೆತ್ತಿ ಒಲೆ ಹಾಕಿದಳು. ಮಣ್ಣು ಕಲಸಿಕೊಟ್ಟವಳು ನಾನು. ಕರೆದದ್ದು ಅವಳೇ, ಎಂದಿನ ದನಿಯಲ್ಲೇ ಕರೆದಳು. ತನ್ನ ಜೋಳ, ತನ್ನ ಹಂಚು, ತನ್ನ ತಾಟು. ಒಂದೇ ಮನೆಯಿಂದ ಎರಡು ಹೊಗೆ ಏಳುವುದನ್ನು ಓಣಿಯವರು ನೋಡಿದರು. ಅಪ್ಪನಿಗೆ ಅದು ಎಲ್ಲಕ್ಕಿಂತ ದೊಡ್ಡ ಅವಮಾನ. ಒಂದು ಸಲ ಮಾತ್ರ ಹಿಂಬಾಗಿಲಿಗೆ ಹೋಗಿ ನಿಂತು, ಊರು ಏನನ್ನುತ್ತದೆ ಎಂದು ಕೇಳಿದ. ಯಾರ ಮೇಲೂ ಇಲ್ಲದವಳು ಎಲ್ಲಿಯಾದರೂ ಅಡುಗೆ ಮಾಡಿಕೊಳ್ಳಬೇಕಲ್ಲ ಎಂದು ಅವಳು ಹಿಟ್ಟು ನಾದುತ್ತಲೇ ಹೇಳಿದಳು. ಅಜ್ಜ ಮುಂಜಾನೆ ಮಗನ ಕಡೆ ಉಂಡು ಸಂಜೆ ಮಗಳ ಕಡೆ ಉಣ್ಣತೊಡಗಿದ. ನನ್ನನ್ನು ಯಾರೂ ತಡೆಯಲಿಲ್ಲ, ನಾನು ಎರಡೂ ಕಡೆ ತಿನ್ನುತ್ತಿದ್ದೆ. ಅತ್ತಿಯ ರೊಟ್ಟಿ ಸ್ವಲ್ಪ ದಪ್ಪ, ಅವ್ವನದು ತೆಳ್ಳಗೆ. ಅತ್ತಿ ನನ್ನ ತಲೆ ಬಾಚುವುದನ್ನು ಬಿಡಲಿಲ್ಲ. ಕೂದಲಿನ ಎಳೆಗಳನ್ನು ಹೆಕ್ಕಿ ತೆಗೆದು ಎರಡು ಜಡೆ ಹಾಕುತ್ತಿದ್ದಳು. ಮಾಸ್ತರರ ಮುಂದೆ ನಾನಾಡಿದ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳು ತೀರಿಹೋಗಿ ಹನ್ನೊಂದು ವರ್ಷವಾಯಿತು.

ಆ ವರ್ಷದ ಖಂಡೇಪೂಜೆಗೆ, ಅಂದರೆ ಮಹಾನವಮಿಯ ಆಯುಧಪೂಜೆಗೆ, ಎಂದಿನಂತೆ ಮನೆಯ ಸಾಮಾನುಗಳನ್ನೆಲ್ಲ ತೊಳೆದು ಮಣೆಯ ಮೇಲೆ ಇಟ್ಟರು. ಅವ್ವನ ದಬ್ಬಣ, ಅಪ್ಪನ ಕತ್ತರಿ, ತೂಕದ ತಕ್ಕಡಿ, ಅಜ್ಜ ಹಗ್ಗ ಹೊಸೆಯುವ ತಿರುಗಣೆ. ಅಜ್ಜ ಬಂದು ತನ್ನ ತಿರುಗಣೆಯನ್ನು ಮಣೆಯಿಂದ ಎತ್ತಿಕೊಂಡು ಹಿತ್ತಲಿಗೆ ಹೋದ. ಅಲ್ಲಿ ಅತ್ತಿಯ ದಬ್ಬಣದ ಪಕ್ಕ ಇಟ್ಟು, ಎರಡಕ್ಕೂ ಕುಂಕುಮ ಹಚ್ಚಿಸಿ, ಮತ್ತೆ ತಂದು ಮಣೆಯ ಮೇಲೆ ಇಟ್ಟ. ಅಪ್ಪ ತೆಂಗಿನಕಾಯಿ ಹಿಡಿದು ಅಷ್ಟು ಹೊತ್ತೂ ಕಾದ.

ಹಬ್ಬದ ಮೇಲೆ ಅಪ್ಪ ಉಳಿದ ಚೀಲಗಳನ್ನು ಸಿಕ್ಕ ಬೆಲೆಗೆ ಕೊಟ್ಟುಬಿಟ್ಟ. ಒಂದು ದಲಾಲಿ ಅಂಗಡಿಯಲ್ಲಿ ತೂಕದ ಹತ್ತಿರ ನಿಲ್ಲುವ ಕೆಲಸಕ್ಕೆ ಸೇರಿದ. ಮೂರು ತಿಂಗಳೂ ನಿಲ್ಲಲಿಲ್ಲ. ಅವನಿಗೆ ಜನರ ಮುಖ ನೋಡಿ ಮಾತಾಡುವುದು ಗೊತ್ತಿತ್ತೇ ಹೊರತು, ಕರೆದಾಗ ಓಡಿ ಬರುವುದು ಗೊತ್ತಿರಲಿಲ್ಲ. ತನಗಿಂತ ಚಿಕ್ಕವನಾದ ಗುಮಾಸ್ತನೊಬ್ಬ ಎಲ್ಲರೆದುರು ಏಕವಚನದಲ್ಲಿ ಕೂಗಿದನಂತೆ. ಮಧ್ಯಾಹ್ನವೇ ಮನೆಗೆ ಬಂದು ಕಟ್ಟೆಯ ಮೇಲೆ ಕೂತ. ಸಂಜೆಯವರೆಗೂ ಅಲ್ಲಿಯೇ ಕೂತಿದ್ದ. ಹಾದಿಯಲ್ಲಿ ಹೋಗುವವರು ಮಾತಾಡಿಸಿದರೆ ಇವತ್ತು ಪೇಟೆ ಇಲ್ಲ ಅನ್ನುತ್ತಿದ್ದ. ಅವತ್ತು ಗುರುವಾರ.

ಅದೇ ಹೊತ್ತಿಗೆ ಅತ್ತಿಯ ಕೆಲಸವೂ ನಿಲ್ಲುವ ಹಾಗಾಗಿತ್ತು. ಅಪ್ಪ ಚೀಲ ತರುವುದು ಬಿಟ್ಟ ಮೇಲೆ ಹಿತ್ತಲಿನ ಹರಕು ಗುಡ್ಡೆ ಕರಗಿತು. ತಾನೇ ಹಾವೇರಿಗೆ ಹೋಗಿ ಕಿರಾಣಿ ಅಂಗಡಿಗಳಲ್ಲಿ ಕೇಳಿ ನೋಡಿದಳು. ಒಬ್ಬರು ಗಂಡಸರನ್ನು ಕಳಿಸು ಅಂದರು, ಇನ್ನೊಬ್ಬರು ಮೇಲೆ ನಾಲ್ಕು ಒಳ್ಳೆಯವು ಇಟ್ಟು ಒಳಗೆ ಕೊಳೆತವನ್ನು ಕಟ್ಟಿ ಕೊಟ್ಟರು. ಅಂಗಡಿಯವರ ಗುರುತು, ಯಾವ ವಾರ ಎಲ್ಲಿ ಚೀಲ ಖಾಲಿಯಾಗುತ್ತದೆ ಎಂಬ ತಿಳುವಳಿಕೆ, ಬಸ್ಸಿನ ಕಂಡಕ್ಟರುಗಳ ದೋಸ್ತಿ, ಎಲ್ಲ ಅಪ್ಪನ ಹತ್ತಿರ ಇತ್ತು. ಇಬ್ಬರೂ ಒಬ್ಬರನ್ನೊಬ್ಬರು ಕೇಳಲಿಲ್ಲ. ನಾಲ್ಕೈದು ವಾರ ಮನೆಯಲ್ಲಿ ದಬ್ಬಣದ ಸದ್ದು ಇರಲಿಲ್ಲ. ಎರಡು ಒಲೆಗಳ ಮೇಲೂ ನುಚ್ಚೇ ಬೇಯುತ್ತಿತ್ತು.

ಕೊನೆಗೆ ಅಜ್ಜ ಒಂದು ಬೆಳಿಗ್ಗೆ ಅಪ್ಪನನ್ನು ಹಿತ್ತಲಿಗೆ ಕರೆದ. ಅತ್ತಿ ಅಲ್ಲಿ ಪಾತ್ರೆ ತಿಕ್ಕುತ್ತಿದ್ದಳು. ನಾನು ಶಾಲೆಗೆ ಹೊರಟವಳು ಬಾಗಿಲಲ್ಲಿ ನಿಂತೆ. ಅಜ್ಜ ಅವರಿಬ್ಬರನ್ನೂ ನೋಡದೆ, ತೆಂಗಿನ ಗಿಡವನ್ನು ನೋಡುತ್ತ ಹೇಳಿದ:

"ನನ್ನ ಹಗ್ಗ ಹ್ವಾದಾಗ ನಾ ಸುಮ್ಮನ ಕುಂತೆ. ಅದ ತಪ್ಪಾತು. ನೀ ಚೀಲ ತಾ, ಅಕಿ ಹೊಲೀಲಿ. ತಂದದ್ದಕ್ಕ ಅಕಿ ನಿನಗ ಕೊಡ್ತಾಳ. ತಗೊ."

ಅತ್ತಿ ಪಾತ್ರೆ ತಿಕ್ಕುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಅಪ್ಪ ಕೇಳಿದ, ಅಕ್ಕನನ್ನಲ್ಲ, ಅಜ್ಜನನ್ನು: ಸಕ್ಕರೆ ಚೀಲ ಬೇಕಂತೋ, ಅಕ್ಕಿ ಚೀಲ ಆದೀತೋ. ಅಕ್ಕಿ ಚೀಲ ಬೇಡ, ಬೇಗ ಪಿಸಿದು ಹರಿಯುತ್ತದೆ ಎಂದು ಅತ್ತಿ ಪಾತ್ರೆಗೆ ಹೇಳಿದಳು.

ಮರುದಿನ ಅಪ್ಪ ರಾಣೇಬೆನ್ನೂರಿಗೆ ಹೋಗಿ ಎರಡು ಕಟ್ಟು ತಂದ. ಅತ್ತಿ ಒಂದೊಂದನ್ನೂ ಬಿಡಿಸಿ ಬೆಳಕಿಗೆ ಹಿಡಿದು ನೋಡಿದಳು. ಅಪ್ಪ ಗಿರಾಕಿಯೆದುರು ನಿಂತ ಹಾಗೆ ಕೈಕಟ್ಟಿ ನಿಂತಿದ್ದ. ಅವಳು ಕೊಡಬೇಕಾದದ್ದನ್ನು ಅವನ ಕೈಗೆ ಕೊಡಲಿಲ್ಲ. ಅಜ್ಜನ ಹೊರಸಿನ ಮೇಲೆ ಇಟ್ಟು ಒಳಗೆ ಹೋದಳು. ಅವನು ತೆಗೆದುಕೊಳ್ಳದೆ ಸ್ನಾನಕ್ಕೆ ಹೋದ. ಬಂದ ಮೇಲೂ ಅದು ಅಲ್ಲಿಯೇ ಇತ್ತು. ಅಜ್ಜ ಅದರ ಪಕ್ಕದಲ್ಲೇ ಹೊರಳಿ ಮಲಗಿದ್ದ. ಕೊನೆಗೆ ಅಪ್ಪ ಎತ್ತಿಕೊಂಡ. ಅಂಗಿಯ ಜೇಬಿಗೆ ಹಾಕದೆ ಮುಷ್ಟಿಯಲ್ಲೇ ಹಿಡಿದು ಅಡುಗೆಮನೆಗೆ ಹೋಗಿ ಅವ್ವನ ಮುಂದೆ ಇಟ್ಟ. ಮನೆಯ ಮಂದಿಯಿಂದ ಕೂಲಿ ತೆಗೆದುಕೊಂಡ ಮೊದಲ ಗಂಡಸು ನಮ್ಮ ಓಣಿಯಲ್ಲಿ ಅವನೇ ಇರಬೇಕು. ಆಮೇಲೆ ಅದು ವಾರವಾರದ ರೂಢಿಯಾಯಿತು. ಒಂದು ತಿಂಗಳಾದ ಮೇಲೆ ಅತ್ತಿ ಕೈಗೇ ಕೊಡತೊಡಗಿದಳು. ಅವನು ಕೈಯೊಡ್ಡಿ ತೆಗೆದುಕೊಳ್ಳುವಾಗ ಬೇರೆ ಕಡೆ ನೋಡುತ್ತಿದ್ದ, ಅಷ್ಟೇ. ಹಳೆಯ ಮೂರು ರೊಟ್ಟಿಯ ದಿನಗಳು ಮತ್ತೆ ಬರಲಿಲ್ಲ. ಎರಡಕ್ಕೆ ಬಂದು ನಿಂತವು. ಅದು ನಮಗೆ ಸಾಕಾಗಿತ್ತು.

ಎಲ್ಲ ಸರಿಯಾಯಿತೆಂದು ಅವ್ವ ತಿಳಿದಳು. ಒಂದು ಮಧ್ಯಾಹ್ನ ಹಿತ್ತಲಿಗೆ ಹೋಗಿ ಅತ್ತಿಯ ಎದುರು ಕುಕ್ಕರಗಾಲಿನಲ್ಲಿ ಕೂತು, ಇನ್ನಾದರೂ ಒಲೆ ಒಂದು ಮಾಡೋಣವೇ ಎಂದು ಕೇಳಿದಳು. ಎರಡು ಕಡೆ ಉರಿ ಯಾಕೆ, ತಾನೇ ಎಲ್ಲರಿಗೂ ಬಡಿಯುತ್ತೇನೆ ಅಂದಳು. ಅತ್ತಿ ತಲೆಯಾಡಿಸಿದಳು.

"ಬ್ಯಾಡ ಶಾಂತವ್ವ. ಒಲಿ ಒಂದಾದ್ರ ಮತ್ತ ಎಲ್ಲಾ ಅವನದಾಕ್ಕತಿ. ಅಂವಗೂ ಅದರಿಂದ ಸುಖ ಇಲ್ಲ. ಹಿಂಗ ಇರೂಣು, ಬಾಜೂಕ."

ಅವ್ವ ಎದ್ದು ಬರಲಿಲ್ಲ. ನೆಲದ ಮೇಲೆ ಬಿದ್ದಿದ್ದ ಸುತಳಿಯ ತುಂಡುಗಳನ್ನು ಹೆಕ್ಕಿ ಗಂಟು ಹಾಕುತ್ತ ಕೂತಳು. ಅವ್ವ ಆ ಮನೆಗೆ ಬಂದಾಗಿನಿಂದ ತೇಪೆ ಹಾಕಿದ ಚೀಲಗಳನ್ನು ಯಾರೂ ಎಣಿಸಿರಲಿಲ್ಲ. ಅಪ್ಪನ ವ್ಯಾಪಾರ ಏರಿದಾಗ ಅಪ್ಪನದು ಏರಿತು, ಇಳಿದಾಗ ಅಪ್ಪನದು ಇಳಿಯಿತು. ಅವಳ ಕೈ ಮಾತ್ರ ಎರಡೂ ಕಾಲದಲ್ಲಿ ಒಂದೇ ಸಮನೆ ಓಡುತ್ತಿತ್ತು. ಅತ್ತಿಯ ತಟ್ಟಿಗೂ ಸಮಯ ಸಿಕ್ಕಾಗಲೆಲ್ಲ ಅಂಚು ಹೊಲಿದು ಕೊಟ್ಟಿದ್ದಳು, ಅಪ್ಪನಿಗೆ ಕಾಣದ ಹಾಗೆ. ಅದನ್ನೂ ಯಾರೂ ಎಣಿಸಿರಲಿಲ್ಲ, ಅತ್ತಿಯೂ ಸಹ. ಗಂಟು ಹಾಕಿದ ಸುತಳಿಯನ್ನು ಬೆರಳಿಗೆ ಸುತ್ತಿಕೊಂಡು ಅವಳು ಮೆಲ್ಲಗೆ ಹೇಳಿದಳು:

"ಹಂಗಾರ ನನಗೂ ತಟ್ಟಿನ ಮ್ಯಾಲೆ ಕೊಡ್ರಿ, ಅಕ್ಕಾರ. ಮಧ್ಯಾಹ್ನ ಎರಡ ತಾಸ ಬರ್ತೇನಿ. ಅವ್ರಿಗೆ ನಾನ ಹೇಳ್ತೇನಿ."

ಅತ್ತಿ ಹೊಲಿಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದಳು. ತಾನು ಹಿಂದೆ ಅಪ್ಪನ ಮುಂದೆ ಆಡಿದ ಮಾತು ತನ್ನ ಮುಂದೆಯೇ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಆ ಒಂದು ಕ್ಷಣ ಅವಳ ಮುಖದಲ್ಲೂ ಅಪ್ಪನ ಮುಖದ ಛಾಯೆ ಹಾದು ಹೋದದ್ದನ್ನು ನಾನು ಕಂಡೆ. ಆಮೇಲೆ ಅವಳು ಪಕ್ಕದಲ್ಲಿದ್ದ ಇನ್ನೊಂದು ದಬ್ಬಣವನ್ನು ಅವ್ವನ ಕಡೆ ಸರಿಸಿದಳು.

ಅವ್ವ ಅಪ್ಪನಿಗೆ ಏನು ಹೇಳಿದಳೋ, ಅವನು ಏನಂದನೋ ನನಗೆ ಗೊತ್ತಿಲ್ಲ. ಮರುದಿನದಿಂದ ಮಧ್ಯಾಹ್ನ ಎರಡು ತಾಸು ಅವಳು ಹಿತ್ತಲಿನಲ್ಲಿರುತ್ತಿದ್ದಳು, ಅಪ್ಪ ತನ್ನ ತಾಟು ತಾನೇ ತೊಳೆದಿಡುತ್ತಿದ್ದ. ತಿಂಗಳು ತುಂಬಿದ ಮೇಲೆ ಅತ್ತಿ ಕೊಟ್ಟದ್ದನ್ನು ಅವ್ವ ಕುಪ್ಪಸದೊಳಗೆ ಇಟ್ಟುಕೊಂಡಳು. ಒಂದು ವಾರ ಅದನ್ನು ಏನೂ ಮಾಡಲಿಲ್ಲ. ಸೀರೆ ಕೊಳ್ಳುತ್ತಾಳೆಂದು ನಾನು ಎಣಿಸಿದ್ದೆ. ನನಗೆ ಪಾಟಿಚೀಲ ಕೊಡಿಸಬಹುದೆಂಬ ಆಸೆಯೂ ಇತ್ತು.

ಒಂದು ಬುಧವಾರ ಬೆಳಿಗ್ಗೆ ಅವಳು ಎಲ್ಲರಿಗೂ ರೊಟ್ಟಿ ಬಡಿದಿಟ್ಟು, ಹಬ್ಬದ ಸೀರೆ ಉಟ್ಟು, ಹಾವೇರಿಗೆ ಹೋಗಿ ಬರುತ್ತೇನೆ ಅಂದಳು. ಹಾವೇರಿಯಲ್ಲಿ ನಮಗೆ ಯಾರೂ ಇರಲಿಲ್ಲ. ಅವ್ವ ತವರಿಗೆ, ಆಸ್ಪತ್ರೆಗೆ, ಮದುವೆಗೆ ಬಿಟ್ಟು ಬೇರೆಲ್ಲಿಗೂ ಹೋದವಳಲ್ಲ, ಹೋದಾಗಲೂ ಮುಂದೆ ಅಪ್ಪ ಇರುತ್ತಿದ್ದ. ಯಾಕೆ ಎಂದು ಅಪ್ಪ ಕೇಳಿದ. ಕೆಲಸವೇನೂ ಇಲ್ಲ, ಸಂಜೆ ಒಲೆ ಹಚ್ಚುವ ಹೊತ್ತಿಗೆ ಬರುತ್ತೇನೆ ಅಂದಳು. ಅವನು ಜೇಬಿಗೆ ಕೈ ಹಾಕಿದ. ಬೇಡ, ನನ್ನ ಹತ್ತಿರ ಇದೆ ಅಂದಳು. ಅಪ್ಪ ಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು ನಿಂತ.

ಸಂಜೆ ಅವಳು ಹೇಳಿದ ಹೊತ್ತಿಗೇ ಬಂದಳು. ಕೈಯಲ್ಲಿ ಏನೂ ಇರಲಿಲ್ಲ. ಮುಖದ ಮೇಲೆ ಬಿಸಿಲಿನ ಕೆಂಪು, ಸೀರೆಯ ಅಂಚಿಗೆ ಧೂಳು. ನಾನು ಬೆನ್ನು ಹತ್ತಿ ಕೇಳಿದೆ, ಎಲ್ಲಿ ಹೋಗಿದ್ದೆ, ಏನು ನೋಡಿದೆ. ಬಸ್ ಸ್ಟ್ಯಾಂಡಿನಿಂದ ನಡೆದುಕೊಂಡು ರೈಲು ಸ್ಟೇಷನ್ನಿಗೆ ಹೋದಳಂತೆ. ಅಲ್ಲಿ ಬೆಂಚಿನ ಮೇಲೆ ಕೂತಳಂತೆ. ಎರಡು ಗಾಡಿ ಬಂದು ಹೋದವಂತೆ. ಒಂದು ಕಪ್ ಚಹಾ ಕುಡಿದಳಂತೆ, ಅದು ಬಹಳ ಸಿಹಿ ಇತ್ತಂತೆ. ಇಷ್ಟು ಹೇಳಿ ಸೀರೆ ಬದಲಿಸಿ ಒಲೆಯ ಮುಂದೆ ಕೂತಳು. ರೊಟ್ಟಿ ಬಡಿಯುತ್ತ ನಡುವೆ ಒಮ್ಮೆ ಕೈ ನಿಲ್ಲಿಸಿ ನನ್ನ ಕಡೆ ತಿರುಗಿ, ಹೇಳಲು ಇನ್ನೂ ಏನೋ ಉಳಿದಿದೆ ಎಂಬಂತೆ ನೋಡಿದಳು.

"ಚಹಾದಂವ, ಎಲ್ಲಿಗೆ ಹೊಂಟೀರಿ ಅಂತ ಕೇಳಿದಾ, ಗಿರ್ಜಾ. ಎಲ್ಲಿಗೂ ಇಲ್ಲ, ಕುಂದ್ರಾಕ ಬಂದೇನಿ ಅಂದ್ನಿ."